ಕಲ್ಲುದಿಬ್ಬಕ್ಕೆ ಒಗ್ಗದ ಬೀಜ

ಪ್ರಾಣಿಗಳೆಲ್ಲ ಹತ್ತಿ ಬೆಳೆದು ಚಳಿಗೆ ಹಾಸಿಕೊಳ್ಳುತ್ತಿದ್ದ ಒಂದು ಕಾಡಿನಲ್ಲಿ ಅಳಿಲಮ್ಮ ಇದ್ದಳು. ಅವಳ ಪಾಲಿಗೆ ಬಂದದ್ದು ಕಲ್ಲುದಿಬ್ಬ. ಅಲ್ಲಿ ಹಳೆಯ ಬೀಜ ಬಿತ್ತಿದರೆ ಮಳೆ ಬರಲಿ ಬಿಡಲಿ, ಗೂಡಿಗೆ ಸಾಲುವಷ್ಟು ಹತ್ತಿ ಸಿಗುತ್ತಿತ್ತು. ಹತ್ತಿ ಇಲ್ಲದಿದ್ದರೆ ಅವಳ ಮರಿಗಳು ಚಳಿಗೆ ಉಳಿಯುತ್ತಿರಲಿಲ್ಲ.

ಕೆರೆದಂಡೆಯ ಕಪ್ಪುಮಣ್ಣು ಕರಿಮೂತಿಯ ಕೋತಿ ಮುಸುವನದು. ಒಂದು ದಿನ ಅವನು ಮುಷ್ಟಿಗಾತ್ರದ ಹತ್ತಿಕಾಯಿಗಳನ್ನು ತಂದು ಎಲ್ಲರ ಮುಂದೆ ಸುರಿದ.

“ನನ್ನ ಹೊಸ ಬೀಜ ನೋಡಿ! ಎಲ್ಲಿ ಬಿತ್ತಿದರೂ ಹೀಗೇ ಬರುತ್ತೆ. ನಿಮ್ಮ ಹಳೇ ಬೀಜವೆಲ್ಲ ನನಗೆ ಕೊಟ್ಟು ಇದನ್ನು ತಗೊಳ್ಳಿ.”

ಹತ್ತಿಬೀಜ ಮೆಲ್ಲುವುದೆಂದರೆ ಮುಸುವನಿಗೆ ಪ್ರಾಣ. ಹಳೇ ಬೀಜ ಕೇಳಿದ್ದು ತಿನ್ನಲಿಕ್ಕೇ ಎಂದು, ಪಾಪ, ಯಾರಿಗೂ ಹೊಳೆಯಲಿಲ್ಲ. ಕಾಯಿ ನೋಡಿ ಬಾಯಿಬಿಟ್ಟ ಮೊಲ, ಮುಂಗುಸಿಗಳು ಓಡಿ ಹೋಗಿ ಬೀಜ ತಂದವು.

ಅಳಿಲಮ್ಮ ಮಾತ್ರ ಯೋಚಿಸುತ್ತ ನಿಂತಳು. ಕೊಡದಿದ್ದರೆ ಎಲ್ಲರೂ ನಗುತ್ತಾರೆ. ಕೊಟ್ಟ ಮೇಲೆ ಬೆಳೆ ಬಾರದಿದ್ದರೆ?

“ಮುಸುವಣ್ಣ, ಇದನ್ನು ಕಲ್ಲುನೆಲದಲ್ಲಿ ಬಿತ್ತಿ ನೋಡಿದ್ದೀಯಾ?”

“ಅಯ್ಯೋ ಪುಕ್ಕಲಿ! ಬೀಜಕ್ಕೆ ಕಲ್ಲೇನು, ಕೆರೆಯೇನು?”

“ಹಾಗಾದರೆ ಈ ವರ್ಷ ನನ್ನ ದಿಬ್ಬ ನೀನು ತಗೊ. ನಿನ್ನ ದಂಡೆ ನನಗೆ ಕೊಡು.”

ಮುಸುವ ತಲೆ ಕೆರೆದುಕೊಂಡ. “ಸರಿಯಾದ ಮಾತು,” ಎಂದ ಹಿರಿಯ ಕರಡಿಯಜ್ಜ. ಎಲ್ಲರೆದುರು ಒಲ್ಲೆ ಎನ್ನಲಾಗದೆ ಮುಸುವ ಒಪ್ಪಿದ. ಅಳಿಲಮ್ಮನೂ ಬೀಜ ಕೊಟ್ಟಳು. ಆದರೆ ಅಂದಿನಿಂದ ಅವಳಿಗೆ ನಿದ್ದೆಯೇ ಇಲ್ಲ. ಮರಿಗಳು ಮಿಸುಕಿದರೂ ಬೆಚ್ಚುತ್ತಿದ್ದಳು.

ಮೊದಲ ಮಳೆ ಬಿತ್ತು. ತಡೆಯಲಾರದೆ ಅವಳು ದಿಬ್ಬಕ್ಕೆ ಓಡಿದಳು. ಮುಸುವ ಬಿತ್ತುತ್ತಿದ್ದ. ಅವನ ಕೈಯಲ್ಲಿದ್ದದ್ದು ಹಳೆಯ ಬೀಜ!

“ಬನ್ನಿ, ಎಲ್ಲರೂ ಬನ್ನಿ!” ಎಂದು ಅಳಿಲಮ್ಮ ಕೂಗಿದಳು.

ಎಲ್ಲರೂ ಓಡಿಬಂದರು. ಕರಡಿಯಜ್ಜ ಗುರುಗುಟ್ಟಿದ. “ನಿನ್ನ ಹೊಸ ಬೀಜ ಎಲ್ಲಿ ಹೋಯ್ತೋ?”

ಮುಸುವ ತೊದಲಿದ. “ಅದಕ್ಕೆ ಕೆರೆ ನೀರೇ ಬೇಕಜ್ಜ. ಇಲ್ಲಿ ಸುಟ್ಟುಹೋಗುತ್ತೆ.”

ಮುಸುವ ತಿಂದು ಉಳಿದಿದ್ದ ಹಳೆಯ ಬೀಜವನ್ನು ಪ್ರಾಣಿಗಳು ಕಿತ್ತುಕೊಂಡು ಹೋಗಿ ತಮ್ಮ ತಮ್ಮ ನೆಲದಲ್ಲಿ, ಅಳಿಲಮ್ಮ ಕೆರೆದಂಡೆಯಲ್ಲಿ, ಬೇಗಬೇಗ ಬಿತ್ತಿದರು. ದಿಬ್ಬದಲ್ಲಿ ಹೊಸ ಬೀಜವನ್ನೇ ಬಿತ್ತಬೇಕೆಂದು ಮುಸುವನಿಗೆ ಕರಡಿಯಜ್ಜ ಕಟ್ಟಪ್ಪಣೆ ಮಾಡಿದ.

ಆ ವರ್ಷ ಮಳೆ ಕೈಕೊಟ್ಟಿತು, ಕೆರೆಯೂ ಬತ್ತಿತು. ಅಳಿಲಮ್ಮ ದಿನವೂ ಗಿಡ ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಹಳೆಯ ಬೀಜದ ಗಿಡಗಳಲ್ಲಿ ಸಣ್ಣ ಕಾಯಿಗಳು ಒಡೆದವು. ಮುಸುವನ ಗಿಡಗಳು ಮೊಣಕಾಲೆತ್ತರಕ್ಕೇ ಒಣಗಿದವು.

ಚಳಿ ಬಂತು. ಮುಸುವ ಬರಿಕೊಂಬೆಯ ಮೇಲೆ ಗಡಗಡ ನಡುಗುತ್ತ ಕೂತ. ಅಳಿಲಮ್ಮ ಮರಿಗಳನ್ನು ಹತ್ತಿಯಲ್ಲಿ ಹುದುಗಿಸಿ, ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ನೀತಿ: ಒಳ್ಳೆಯ ನೆಲದಲ್ಲಿ ಒಮ್ಮೆ ಹುಲುಸಾಗಿ ಬಂದದ್ದಕ್ಕೆ ಮರುಳಾಗಬಾರದು, ಎಂಥ ನೆಲದಲ್ಲೂ ಎಂಥ ಕಾಲದಲ್ಲೂ ಕೈಬಿಡದ್ದನ್ನು ನಂಬಬೇಕು.