ಮುತ್ಯಾ ಕೊಟ್ಟ ಮಣ್ಣು

ಹಳ್ಳದಗೇರಿಯ ಪೂಜ್ಯ ಕರಿಸಂಗಯ್ಯನವರಿಗೆ ಮಠವೆಂಬುದು ಇರಲಿಲ್ಲ. ಊರಾಚೆಯ ದನದ ಕೊಟ್ಟಿಗೆಯೇ ಅವರ ವಾಸ. ಅವರನ್ನು ಅಜ್ಜನೆಂಬ ಭಾವದಿಂದ ಮುತ್ಯಾ ಎಂದು ಕರೆಯುತ್ತಿದ್ದ ಭಕ್ತರು ಹೋಗುವಾಗ ಅವರು ಕುಳಿತ ನೆಲದ ಚಿಟಿಕೆ ಮಣ್ಣನ್ನು ಪ್ರಸಾದವೆಂದು ಬೇಡುತ್ತಿದ್ದರು. ಹಣೆಗೆ ಹಚ್ಚಿಕೊಳ್ಳುವುದಕ್ಕೆಂದು ಭಾವಿಸಿ ಮುತ್ಯಾ ಕೊಡುತ್ತಿದ್ದರು. ಕೇಳಿದವರಿಗೆ ಇಲ್ಲವೆನ್ನುವ ನಾಲಿಗೆ ಅವರದಲ್ಲ.

ಒಂದು ಬೆಳಿಗ್ಗೆ, ಸುತ್ತಲಿನ ಐದೂರಿಗೆ ಸೂಲಗಿತ್ತಿಯಾಗಿದ್ದ ಗಂಗಿಮಾಳವ್ವ ಬಂದಳು. ಬಾಯಿ ಜೋರಿನ ಹೆಂಗಸು. ಆ ದಿನ ಕಾಲಿಗೂ ಬೀಳಲಿಲ್ಲ. ಅವಳ ಮಗಳು ರೇವಕ್ಕ ಹೆತ್ತ ಎರಡು ಕೂಸುಗಳೂ ಎಂಟನೆಯ ದಿನ ದವಡೆ ಕಚ್ಚಿ, ಮೊಲೆ ಹಿಡಿಯಲಾರದೆ, ಮೈ ಸೆಟೆದು ತೀರಿಹೋಗಿದ್ದವು. ಊರಿನವರು ಅದನ್ನು ಎಂಟರ ಪೀಡೆ ಎನ್ನುತ್ತಿದ್ದರು. ಈಗ ರೇವಕ್ಕನಿಗೆ ಮತ್ತೆ ದಿನ ತುಂಬಿದ್ದವು. ಮುತ್ಯಾನ ಮಣ್ಣಿನಲ್ಲಿ ಸತ್ವ ಉಳಿದಿಲ್ಲ, ಇದ್ದರೆ ಸತ್ವವುಳ್ಳದ್ದನ್ನೇ ಕೊಡಲಿ, ಇಲ್ಲವಾದರೆ ಬೇರೆ ದೇವರನ್ನು ನೋಡಿಕೊಳ್ಳುತ್ತೇನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಸಗಣಿ ಬಾಚುತ್ತಿದ್ದ ಮುತ್ಯಾ ತಲೆಯೆತ್ತಿದರು. "ಮಣ್ಣು ಎಲ್ಲಿಗೆ ಹಚ್ಚತಿ ಅವ್ವಾ?"

"ಕೂಸಿನ ಹೊಕ್ಕಳಕ್ಕ. ಕುಡುಗೋಲಿಂದ ಕೊಯ್ದ ಮ್ಯಾಲೆ ಹಸಿ ಗಾಯಕ್ಕ ಒತ್ತತೀವಿ. ನಮ್ಮವ್ವನ ಕಾಲದಿಂದ ಹಂಗ ನಡದೈತಿ."

ಮುತ್ಯಾರ ಮುಖ ಬಿಳಿಚಿತು. ಜನ್ಮವೆಲ್ಲ ದನ ಕಾಯ್ದವರು ಅವರು. ಮೊಳೆ ಚುಚ್ಚಿದ ಎತ್ತಿನ ಗಾಯಕ್ಕೆ ಸಗಣಿಮಣ್ಣು ಮೆತ್ತಿದರೆ, ಅದೂ ಹೀಗೆಯೇ ದವಡೆ ಕಚ್ಚಿ ಸೆಟೆದು ಸಾಯುವುದನ್ನು ಕಣ್ಣಾರೆ ಕಂಡಿದ್ದರು. ಎತ್ತಿನ ಗಾಯವನ್ನು ಕುದಿಸಿದ ನೀರಿನಲ್ಲಿ ತೊಳೆಯದೆ ಬಿಟ್ಟವರಲ್ಲ. ಅದೇ ಕೊಟ್ಟಿಗೆಯ ಮಣ್ಣು ಹಸುಗೂಸಿನ ಗಾಯಕ್ಕೆ! ಆ ಮಹಾತ್ಮರು ಸಗಣಿ ಬಾಚುವುದನ್ನು ಬಿಟ್ಟು ಅವಳ ಮುಂದೆ ಬಂದು ನಿಂತರು.

"ಪೀಡೆ ಅಲ್ಲವ್ವಾ, ಧನುರ್ವಾಯು. ಆ ಕೂಸುಗಳನ್ನ ಕೊಂದದ್ದು ನನ್ನ ಮಣ್ಣು."

ಗಂಗಿಮಾಳವ್ವ ತನ್ನ ಅಂಗೈಗಳನ್ನೇ ನೋಡುತ್ತ ನಿಂತುಬಿಟ್ಟಳು. ಐದೂರಿನಲ್ಲಿ ಎಷ್ಟು ಹೊಕ್ಕುಳಿಗೆ ಆ ಕೈ ಮಣ್ಣು ಒತ್ತಿತ್ತೋ! ಅವಳಿಗೆ ಅಳುವೂ ಬರಲಿಲ್ಲ. ಹಾಗಾದರೆ ಕೊಂದವಳು ನಾನೇ ಎಂದು ತೊದಲಿದಾಗ ಮುತ್ಯಾ ತಲೆಯಲ್ಲಾಡಿಸಿದರು.

"ನೀ ನಂಬಿ ಹಚ್ಚಿದಿ. ನಾ ಎದಕ್ಕಂತ ಕೇಳದ ಕೊಟ್ಟೆ. ತಪ್ಪು ನಂದು. ಇನ್ನ ಹೊಕ್ಕಳಕ್ಕ ಏನೂ ಹಚ್ಚಬ್ಯಾಡ. ಕುಡುಗೋಲು, ದಾರ ಎರಡೂ ಕುದಿಸು."

ಅಂದೇ ಅವರು ಐದೂರಿಗೂ ನಡೆದರು. ಕೂಸು ಕಳೆದುಕೊಂಡ ತಾಯಂದಿರ ಹೊಸ್ತಿಲಲ್ಲಿ ಅಡ್ಡಬಿದ್ದು, ನಡೆದುದನ್ನು ಮುಚ್ಚಿಡದೆ ಹೇಳಿದರು. ಗುರುಗಳು ಹೆಣ್ಣುಮಕ್ಕಳಿಗೆ ಅಡ್ಡಬೀಳುವುದುಂಟೇ ಎಂದು ಜನ ದಂಗಾದರು. ಒಬ್ಬ ತಾಯಿ ಬಾಗಿಲು ಹಾಕಿಕೊಂಡಳು. ಆ ಮುಚ್ಚಿದ ಬಾಗಿಲಿಗೂ ಅವರು ನಮಸ್ಕರಿಸಿ ಬಂದರು.

ರೇವಕ್ಕ ಹೆಣ್ಣು ಹೆತ್ತಳು. ಎಂಟನೆಯ ದಿನ ಗಂಗಿಮಾಳವ್ವ ಅನ್ನ ಮುಟ್ಟದೆ ಕೂಸಿನ ಬಾಯನ್ನೇ ಕಾಯುತ್ತ ಕುಳಿತಳು. ಕೂಸು ಹಸಿದು ಬಾಯಿ ತೆರೆಯಿತು, ಮೊಲೆ ಹಿಡಿಯಿತು. ಆಗ ಅವಳಿಗೆ ತಡೆದಿದ್ದ ಅಳುವೆಲ್ಲ ಒಮ್ಮೆಗೇ ಬಂತು.

ಮುಂದೆ ಯಾವ ಮನೆಯಲ್ಲಿ ಹೆರಿಗೆಯಾದರೂ ಅವಳು ಮೊದಲು ನೀರು ಕುದಿಯಲಿಡುತ್ತಿದ್ದಳು. ಹಿರಿಯರು ಯಾರಾದರೂ ಮುತ್ಯಾರ ಹೆಸರಿನಲ್ಲಿ ಒಂದು ಚಿಟಿಕೆ ಮಣ್ಣು ತಂದರೆ, ಅದನ್ನು ಅಂಗಳಕ್ಕೆ ಚೆಲ್ಲಿ ಕೈ ತೊಳೆದುಕೊಂಡು ಹೇಳುತ್ತಿದ್ದಳು:

"ಖುದ್ದು ಮುತ್ಯಾನೇ ಬಂದು ಕೊಟ್ಟರೂ ಹಚ್ಚಂಗಿಲ್ಲ. ಹಂಗಂತ ಮುತ್ಯಾನ ಅಪ್ಪಣೆ ಆಗೈತಿ."