ಇಪ್ಪೆ ಮರದ ಹೊಂಚು

“ನೀವು ನಂಬುವುದಿಲ್ಲ ಗುರುಗಳೇ. ನಂಬದಿದ್ದರೆ ಮಠದಲ್ಲಿ ಯಾರನ್ನಾದರೂ ಕರೆದು ಕೇಳಿ. ಎರಡು ವರ್ಷದಲ್ಲಿ ನಾನು ಒಂದು ಹೊತ್ತಿನ ಜಪವನ್ನೂ ತಪ್ಪಿಸಿಲ್ಲ. ಉಳಿದವರು ಒಂದು ಸಲ ಕೂತರೆ ನಾನು ಮೂರು ಸಲ ಕೂರುತ್ತೇನೆ. ನನ್ನ ಮನಸ್ಸು ಯಾವ ಹೊತ್ತಿಗೆ ಎಲ್ಲಿಗೆ ಓಡುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೂ ಅದು ಒಂದು ಗಳಿಗೆ ನನ್ನ ಹತ್ತಿರ ಬಂದು ನಿಲ್ಲುವುದಿಲ್ಲ. ಏಕೆ?”

ಗುರುಗಳು ಹೇಳಿದರು: “ನಂಬಿದೆ. ಈಗ ನಾನೊಂದು ಹೇಳುತ್ತೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು.”

ಒಂದು ಹಟ್ಟಿಯಲ್ಲಿ ಒಬ್ಬ ಬೇಡನಿದ್ದ. ಬಿಲ್ಲು ಹಿಡಿದರೆ ಅವನಂಥ ಗುರಿಗಾರ ಸುತ್ತಲ ಏಳು ಹಟ್ಟಿಗಳಲ್ಲಿ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾದ ತೊಂದರೆಯೂ ಇರಲಿಲ್ಲ, ಅವನೇ ಹೇಳುತ್ತಿದ್ದ. ಅವನಿಗಿದ್ದ ಕೊರತೆ ಒಂದೇ. ಅವನಿಗೆ ಹೊಂಚು ಇರಲಿಲ್ಲ.

ಬಿಲ್ಲು ಹಿಡಿದು ಮಿಗಕ್ಕಾಗಿ ಕಾದು ಕೂರುವ ಜಾಗಕ್ಕೆ ಆ ಜನ ಹೊಂಚು ಎನ್ನುತ್ತಿದ್ದರು. ಕಾಡಿನಲ್ಲಿ ಇದ್ದದ್ದು ಕೆಲವೇ ಹೊಂಚುಗಳು. ಒಂದೊಂದಕ್ಕೂ ಒಬ್ಬೊಬ್ಬ ಒಡೆಯ. ಹೊಂಚಿಲ್ಲದವನು ಇನ್ನೊಬ್ಬರ ಬೇಟೆಯಲ್ಲಿ ತಮಟೆ ಬಡಿದು ಪೊದೆಯಿಂದ ಮಿಗ ಎಬ್ಬಿಸಬೇಕು, ಪಾಲು ಹಾಕುವಾಗ ಕಟ್ಟಕಡೆಗೆ ಕೈ ಒಡ್ಡಬೇಕು. ಈ ಬೇಡ ಹತ್ತು ವರ್ಷ ತಮಟೆ ಬಡಿದಿದ್ದ. ಅವನು ಎಬ್ಬಿಸಿಕೊಟ್ಟ ಜಿಂಕೆಗೆ ಗುರಿಗೇಡಿಗಳು ಬಾಣ ಬಿಟ್ಟು ತಪ್ಪಿಸುವುದನ್ನು ಕಂಡು ಹಲ್ಲು ಕಡಿದಿದ್ದ.

ಒಂದು ವರ್ಷ ಹಟ್ಟಿಯ ಯಜಮಾನನಿಗೆ ಕಣ್ಣು ಮಂಜಾಯಿತು. ಅವನು ಬಿಲ್ಲು ಕೆಳಗಿಟ್ಟ. ಹಳ್ಳದ ತಿರುವಿನಲ್ಲಿ ಇಪ್ಪೆ ಮರದ ಕೆಳಗಿದ್ದ ಅವನ ಹೊಂಚು ಖಾಲಿಯಾಯಿತು. ಬೇಡ ಎಲ್ಲರಿಗಿಂತ ಮೊದಲು ಎದ್ದು ನಿಂತು ಅದನ್ನು ಕೇಳಿದ.

ಹಟ್ಟಿಯ ಕಟ್ಟಳೆ ಹೀಗಿತ್ತು. ಹೊಂಚು ಕೇಳಿದವನು ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಪಾಲು ಹಾಕುವುದರೊಳಗೆ ಅಲ್ಲಿ ಒಂದು ಜಿಂಕೆ ಹೊಡೆಯಬೇಕು. ಹೊಡೆದರೆ ಜಾಗ ಸಾಯುವ ತನಕ ಅವನದು. ಹೊಡೆಯದಿದ್ದರೆ ಸಾಯುವ ತನಕ ತಮಟೆ, ಇನ್ನೊಮ್ಮೆ ಕೇಳುವಂತಿಲ್ಲ. ಜಾಗ ಕಲಿಯಲು ಹೋದ ದಿನಕ್ಕೆ ಒಂದರಂತೆ ಮರದ ಬುಡದಲ್ಲಿ ಕಲ್ಲು ಇಡಬೇಕು.

ಸಂಕ್ರಾಂತಿಯ ದಿನ ಬೇಡ ಮೊದಲ ಕಲ್ಲು ಇಟ್ಟ. ಪಕ್ಕದಲ್ಲೇ ಯಜಮಾನ ತನ್ನ ಪ್ರಾಯದಲ್ಲಿ ಇಟ್ಟ ಕಲ್ಲುಗಳಿದ್ದವು. ಎಣಿಸಿದರೆ ಹನ್ನೊಂದು. ಬೇಡನಿಗೆ ನಗು ಬಂತು. ಹನ್ನೊಂದು ದಿನ ಕಲಿತವನು ಯಜಮಾನನಾಗಿದ್ದಾನೆ ಎಂದರೆ ಈ ಹಟ್ಟಿಯ ಹಣೆಬರಹ ನೋಡು ಎಂದುಕೊಂಡ.

ಅವನು ಒಂದು ದಿನವೂ ಬಿಡಲಿಲ್ಲ. ಜಿಂಕೆಗಳು ಗುಡ್ಡದಿಂದ ಇಳಿಯುವ ದಾರಿ ಕಲಿತ. ಮುಂದೆ ಮುದಿ ಹೆಣ್ಣು, ಅದರ ಹಿಂದೆ ಮರಿಗಳು, ಎಲ್ಲಕ್ಕಿಂತ ಹಿಂದೆ ಕೊಂಬಿನ ಗಂಡು ಎಂಬುದನ್ನು ಕಲಿತ. ಗಂಡು ಕೊಂಬು ಉಜ್ಜುವ ಮರವನ್ನು ಮುಟ್ಟಿ ನೋಡಿದ. ಹಿಕ್ಕೆ ಹಿಸುಕಿ, ಅದು ಎಷ್ಟು ಹೊತ್ತಿನ ಹಿಂದಿನದು ಎಂದು ಹೇಳಬಲ್ಲವನಾದ. ಬೆಳಗಿನ ಗಾಳಿ ಗುಡ್ಡದಿಂದ ಕೆಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ ಎಂದು ತಿಳಿದು, ಕೂರುವ ಬಂಡೆಯನ್ನು ಆರಿಸಿಕೊಂಡ. ಕಲ್ಲಿನ ರಾಶಿ ಮೊಣಕಾಲು ಮುಟ್ಟಿತು. ಹಟ್ಟಿಯವರು ನೋಡಿಬಂದು ತಲೆದೂಗಿದರು. ಅವನು ಮೀಸೆಗೆ ಎಣ್ಣೆ ಹಚ್ಚಿದ.

ಇಪ್ಪೆ ಹೂ ಉದುರುವ ಕಾಲ ಬಂತು. ಆ ಹೂವೆಂದರೆ ಜಿಂಕೆಗೆ ಪ್ರಾಣ. ಬೇಡ ಬಾಣ ಹೂಡಿ ಕೂತ. ಮೊದಲ ಬೆಳಗು ಒಂದೂ ಬರಲಿಲ್ಲ. ಎರಡನೆಯ ಬೆಳಗೂ ಇಲ್ಲ. ಐದು ಬೆಳಗು ಕಳೆಯಿತು. ಹೂವು ಬಿದ್ದಲ್ಲೇ ಬಾಡಿ ಕಪ್ಪಾಯಿತು. ಹೊಸತೊಡಕಿಗೆ ಒಂಬತ್ತು ದಿನ ಉಳಿದಿತ್ತು.

ಬೇಡ ಯಜಮಾನನ ಜಗುಲಿಗೆ ಹೋದ.

“ಏನಪ್ಪಾ ಗುರಿಗಾರ, ಜಾಗವನ್ನೆಲ್ಲ ಅರೆದು ಕುಡಿದಿದ್ದೀಯಂತೆ?”

“ಏನು ಬೇಕಾದರೂ ಕೇಳು ಮಾವ. ಒಂದಕ್ಕೆ ತಡವರಿಸಿದರೆ ಈ ಮೀಸೆ ಬೋಳಿಸಿಬಿಡುತ್ತೇನೆ.”

ಯಜಮಾನ ದಾರಿ ಕೇಳಿದ, ಗಾಳಿ ಕೇಳಿದ, ಹಿಕ್ಕೆ ಕೇಳಿದ. ಬೇಡ ಎಲ್ಲಕ್ಕೂ ಪಟಪಟನೆ ಹೇಳಿದ. ಆಮೇಲೆ ಯಜಮಾನ ಕೇಳಿದ: “ನೀನು ಹೋಗದ ದಿನ ಅವು ಏನು ಮಾಡುತ್ತವೆ?”

“ಹೋಗದ ದಿನವೇ? ನಾನು ಹೋಗದ ದಿನ ಯಾವುದಿದೆ ಮಾವ?”

ಎದೆಯುಬ್ಬಿಸಿ ಹೇಳಿದ ಮಾತು ಅವನ ಕಿವಿಗೇ ಬಿದ್ದಿತು.

ಯಜಮಾನ ಹೇಳಿದ: “ನೀನು ಅವನ್ನು ಕಲಿಯುವಾಗ ಅವು ಸುಮ್ಮನೆ ಹುಲ್ಲು ಮೇಯುತ್ತಿದ್ದವು ಎಂದುಕೊಂಡೆಯಾ? ನೀನು ಬರುವ ಹೊತ್ತು, ನೀನು ಕೂರುವ ಬಂಡೆ, ನೀನು ಎಲೆಯಡಿಕೆ ಉಗಿಯುವ ಪೊದೆ, ಎಲ್ಲ ಕಲಿತಿವೆ. ನಿನ್ನ ಕಲ್ಲಿನ ರಾಶಿ ನೋಡಿ ಹಟ್ಟಿ ಮೆಚ್ಚಿತು. ಜಿಂಕೆ ಮೆಚ್ಚಲಿಲ್ಲ.”

“ಹಾಗಾದರೆ ನನ್ನ ಗತಿ?”

“ಎಂಟು ದಿನ ಆ ದಿಕ್ಕಿಗೆ ತಲೆ ಹಾಕಬೇಡ. ಒಂಬತ್ತನೆಯ ದಿನ ಹೋಗು.”

“ಆಮೇಲೆ ಉಳಿಯುವುದು ಒಂದೇ ಬೆಳಗು ಮಾವ!”

“ಏಳು ಹಟ್ಟಿಯ ಗುರಿಗಾರನಿಗೆ ಎಷ್ಟು ಬೆಳಗು ಬೇಕೋ?”

ಬೇಡ ಮನೆಯಲ್ಲಿ ಉಳಿದ. ಜಿಂಕೆಯ ಹಿಂದೆ ಅಲೆಯುವುದು ಅವನಿಗೆ ಕಷ್ಟವಾಗಿರಲಿಲ್ಲ. ಅಲೆಯದೆ ಇರುವುದು ಕಷ್ಟವಾಯಿತು. ಸೂರಿಗೆ ಹುಲ್ಲು ಹೊದಿಸಿದ. ಹಗ್ಗ ಹೊಸೆದ. ಬಾಣದ ಮೊನೆ ಮಸೆದು ಮಸೆದು ಸವೆಸಿದ. ಒಲೆಯ ಹತ್ತಿರ ಕೂತು ಹೆಂಡತಿಗೆ ಸಾರು ಮಾಡುವುದು ಹೇಗೆಂದು ಹೇಳಿಕೊಟ್ಟ. ಐದನೆಯ ದಿನ ಅವಳು ಸೌಟು ಕೆಳಗಿಟ್ಟು ಹೇಳಿದಳು: “ಜಿಂಕೆಗಳು ಯಾಕೆ ಓಡಿಹೋದವು ಅಂತ ನನಗೆ ಈಗ ತಿಳಿಯಿತು.”

ಎಂಟು ದಿನ ಕಳೆಯಿತು. ಹೊಸತೊಡಕಿನ ಬೆಳಗು, ಬೆಳಕು ಹರಿಯುವ ಮೊದಲೇ ಬೇಡ ಎದ್ದ. ಎಲೆಯಡಿಕೆ ಹಾಕಲಿಲ್ಲ. ವಾಸನೆ ನೆಲಕ್ಕೆ ಅಂಟದಂತೆ ಹಳ್ಳದ ನೀರಿನಲ್ಲೇ ನಡೆದು ಹೋದ. ಕಲ್ಲು ಇಡಲಿಲ್ಲ. ಹಳೆಯ ಬಂಡೆಯನ್ನು ಬಿಟ್ಟು ಅದರ ಕೆಳಗಿನ ಲಂಟಾನದ ಪೊದೆಯ ಮರೆಯಲ್ಲಿ ಕೂತ.

ಸ್ವಲ್ಪ ಬೆಳಕಾಯಿತು. ಅವನು ಮರದ ಬುಡ ನೋಡಿದ. ಹಿಂದಿನ ದಿನದ ಒಂದು ಹೂವೂ ನೆಲದ ಮೇಲೆ ಇರಲಿಲ್ಲ. ಎಲ್ಲೆಲ್ಲೂ ಗೊರಸಿನ ಗುರುತು.

ಅವನ ಎದೆಯ ಭಾರ ಆಗಲೇ ಅರ್ಧ ಇಳಿಯಿತು.

ಗುಡ್ಡದಿಂದ ಮುದಿ ಹೆಣ್ಣು ಇಳಿಯಿತು. ಬಂಡೆಯ ಹತ್ತಿರ ನಿಂತು ಮೂಸಿತು. ಬೇಡ ಉಸಿರು ಕಟ್ಟಿದ. ಹತ್ತು ವರ್ಷದ ತಮಟೆ ಎದೆಯೊಳಗೆ ಬಡಿಯಿತು. ಹೆಣ್ಣು ತಲೆ ಕೆಳಗೆ ಮಾಡಿ ಹೂವಿಗೆ ಬಾಯಿ ಹಾಕಿತು. ಮರಿಗಳು ಬಂದವು. ಕಡೆಗೆ ಕೊಂಬಿನ ಗಂಡು ಬಂದು ಅಡ್ಡಲಾಗಿ ನಿಂತಿತು. ಅವನು ಒಂದೇ ಬಾಣ ಬಿಟ್ಟ. ಗಂಡು ಇಪ್ಪತ್ತು ಹೆಜ್ಜೆ ಹಾರಿ ಬಿದ್ದಿತು.

ಬೇಡ ಕೂಗಲಿಲ್ಲ, ತೊಡೆ ತಟ್ಟಲಿಲ್ಲ. ಬಿಲ್ಲು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ಕೂತ. ಸಂಕ್ರಾಂತಿಯಿಂದ ಹಿಡಿದಿಟ್ಟ ಉಸಿರನ್ನು ಅಲ್ಲಿ ಬಿಟ್ಟ. ಹೆಗಲ ಮೇಲೆ ಜಿಂಕೆ ಹೊತ್ತು ಹಟ್ಟಿಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಬಾಯಿ ಮತ್ತೆ ಅವನದಾಗಿತ್ತು. ಜಿಂಕೆ ಹಾರಿದ ಇಪ್ಪತ್ತು ಹೆಜ್ಜೆ ಆ ಬಾಯಲ್ಲಿ ಎರಡು ಹೆಜ್ಜೆಯಾಗಿತ್ತು. ಯಜಮಾನ ನಕ್ಕು, ಪಾಲಿನಲ್ಲಿ ಮೊದಲ ತುಂಡನ್ನು ಅವನ ಕೈಗೆ ಹಾಕಿ, ಇಪ್ಪೆ ಮರದ ಹೊಂಚು ಸಾಯುವ ತನಕ ಇವನದು ಎಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹುರುಪಿನಿಂದ ಎದ್ದ. “ತಿಳಿಯಿತು ಗುರುಗಳೇ. ಇವತ್ತಿನಿಂದಲೇ ಇನ್ನೂ ಒಂದು ಹೊತ್ತು ಹೆಚ್ಚಾಗಿ ಕೂತು ಇದನ್ನೇ ಯೋಚಿಸುತ್ತೇನೆ.”

ಗುರುಗಳು ಅವನ ಕೈಯಿಂದ ಜಪಮಾಲೆ ತೆಗೆದುಕೊಂಡರು. ದನ ಕಟ್ಟುವ ಹಗ್ಗವನ್ನು ಆ ಕೈಗೆ ಕೊಟ್ಟು ಹೇಳಿದರು:

“ಬರುವ ಹುಣ್ಣಿಮೆಯ ತನಕ ನಿನಗೆ ಜಪವಿಲ್ಲ.”