ಜಗಲಿಯ ತಟ್ಟೆಗಳು

“ಗುರುಗಳೇ, ನನಗೆ ಚಿನ್ನವೂ ಒಂದೇ, ಮಣ್ಣೂ ಒಂದೇ. ಉಣ್ಣುವಾಗ ತಟ್ಟೆ ಯಾವುದೆಂದು ನೋಡುವುದೂ ಇಲ್ಲ. ಆದರೆ ಬಣ್ಣದ ತಟ್ಟೆ ಕಂಡರೆ ಅಂಗಡಿಯ ಮುಂದೆ ಮೈಮರೆತು ನಿಲ್ಲುವ ಜನರಿದ್ದಾರಲ್ಲ, ಅವರಿಗೂ ದಾರಿ ಉಂಟೇ?” ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ತುಪ್ಪದ ವರ್ತಕನಿದ್ದ. ಅವನ ಸೊಸೆಗೆ ಪಿಂಗಾಣಿಯ ಹುಚ್ಚು. ಹಡಗು ಬಂತೆಂದು ಗೊತ್ತಾದರೆ ಸಾಕು, ಒಲೆಯ ಮೇಲಿನ ಸಾರನ್ನು ಅತ್ತೆಯ ಪಾಲಿಗೆ ಬಿಟ್ಟು ಅವಳು ಅಂಗಡಿಗೆ ನಡೆದುಬಿಡುತ್ತಿದ್ದಳು. ಒಂದೊಂದೇ ತಟ್ಟೆಯನ್ನು ಎತ್ತಿ ಬಿಸಿಲಿಗೆ ಹಿಡಿಯುವಳು. ಉಗುರಿನಿಂದ ತಟ್ಟಿ, ಬಿರುಕಿನ ಸದ್ದಿದೆಯೋ ಎಂದು ಕಿವಿಗೊಡುವಳು. ಹಳದಿ ಅಂಚಿನದನ್ನು ಕೆಳಗಿಟ್ಟು ಹಸಿರು ಬಳ್ಳಿಯದನ್ನು ಎತ್ತಿಕೊಳ್ಳುವಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಳದಿಗೇ ತಿರುಗಿ ಬರುವಳು.

“ಅಮ್ಮಾ, ತಟ್ಟೆ ನೋಡ್ತಿದ್ದೀರೋ, ಹೆಣ್ಣು ನೋಡ್ತಿದ್ದೀರೋ?” ಎಂದ ಅಂಗಡಿಯವನು ಒಮ್ಮೆ.

“ಹೆಣ್ಣಾಗಿದ್ದರೆ ಇಷ್ಟು ಹೊತ್ತು ಯಾರಯ್ಯಾ ನೋಡ್ತಾರೆ? ನನ್ನನ್ನು ನೋಡೋಕೆ ಬಂದವರು ಅವಲಕ್ಕಿ ತಿಂದು ಎದ್ದು ಹೋದರು,” ಎಂದಳು ಅವಳು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಪಿಂಗಾಣಿ ಹೊಸಿಲು ದಾಟಕೂಡದು. ಹಿತ್ತಾಳೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಶುದ್ಧ. ಪಿಂಗಾಣಿಯಲ್ಲಿ ಒಬ್ಬರು ಒಮ್ಮೆ ಉಂಡರೆ ಮುಗಿಯಿತು, ಎಷ್ಟು ತೊಳೆದರೂ ಅದು ಮೈಲಿಗೆಯೇ. ಕಟ್ಟಳೆ ಅತ್ತೆಯದು. ಹಾಗಾಗಿ ಒಳಗಿನವರು ಹಿತ್ತಾಳೆಯಲ್ಲಿ ಉಣ್ಣುತ್ತಿದ್ದರು. ಸೊಸೆಯ ತಟ್ಟೆಗಳು ಜಗಲಿಯ ಗೂಡಿನಲ್ಲಿದ್ದವು. ಒಳಗೆ ಬರಲು ಅಪ್ಪಣೆಯಿಲ್ಲದ ಗಾಡಿಯವರು, ಹೊರೆಯಾಳುಗಳು, ಸುಣ್ಣ ಸುಡುವವರು ಅವುಗಳಲ್ಲಿ ಉಣ್ಣುತ್ತಿದ್ದರು.

ಬರಬರುತ್ತ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಗೊತ್ತಾಯಿತು. ಸುಣ್ಣದವನು ಕೈತೊಳೆದು ಬಂದವನೇ, “ನನ್ನ ಮೀನು ಎಲ್ಲಿ, ತಾಯಿ?” ಅನ್ನುವನು. ನೀಲಿ ಮೀನಿನ ತಟ್ಟೆ ಬರುವ ತನಕ ಕೂರುತ್ತಿರಲಿಲ್ಲ. ಅನ್ನ ಕರಗಿ ಅಡಿಯಲ್ಲಿ ಮೀನು ಕಾಣಿಸಿಕೊಂಡಾಗ ಒಬ್ಬನೇ ನಗುತ್ತಿದ್ದ. ಆ ನಗು ಕಂಡ ದಿನ ಸೊಸೆ ಮುಂದಿನ ಹಡಗಿಗೆ ಕಾಯತೊಡಗುವಳು.

ಒಂದು ಮಳೆಗಾಲ ಊರಿನ ದೊಡ್ಡ ಶೆಟ್ಟರು ಜಗಲಿ ಹತ್ತುವಾಗ ಆ ಗೂಡನ್ನು ಕಂಡರು. ಅವುಗಳಲ್ಲಿ ಉಣ್ಣುವವರು ಯಾರೆಂದು ಅವರಿಗೆ ತಿಳಿಯದು. ಹುಣ್ಣಿಮೆಗೆ ಊಟಕ್ಕೆ ಬರುತ್ತೇನೆ, ಇದರಲ್ಲೇ ಬಡಿಸಬೇಕು ಎಂದರು. ವರ್ತಕ ಹಿಗ್ಗಿ ಹೀರೇಕಾಯಿಯಾದ. ತಟ್ಟೆಗಳೆಲ್ಲ ಒಳಗೆ ಬಂದು ಗೋಡೆಯ ಬೀರು ಸೇರಲಿ, ಜಗಲಿಯವರಿಗೆ ಇನ್ನು ಎಲೆಯ ಚೂರು ಸಾಕು ಎಂದ. ಅತ್ತೆಯೇ ಎದ್ದು ಬೀರು ಒರೆಸತೊಡಗಿದಳು. ದೊಡ್ಡವರು ಬರುವಾಗ ಕಟ್ಟಳೆಯ ಕಣ್ಣು ಸ್ವಲ್ಪ ಮಂಜಾಗುತ್ತದೆ.

ಸೊಸೆ ಗೂಡಿನ ಮುಂದೆ ನಿಂತಳು. ಒಳಗಿಟ್ಟರೆ ಒಡೆಯುವ ಭಯವಿಲ್ಲ. ಬಂದವರೆಲ್ಲ ಹೊಗಳುವರು. ತಾನು ಆರಿಸಿ ತಂದದ್ದನ್ನು ಮನೆಯವರು ಮೆಚ್ಚಿದ್ದೇ ಇದು ಮೊದಲ ಸಲ. ಎರಡು ತಟ್ಟೆ ಹಿಡಿದು ಹೊಸಿಲ ತನಕ ಹೋದಳು ಕೂಡ. ಒಳಗಿಡುವ ಮೊದಲು ತಿರುಗಿ ನೋಡಿದಳು. ಗೂಡಿನಲ್ಲಿ ಮುಂದಿನದು ಮೀನಿನ ತಟ್ಟೆ. ಹಿಡಿದಿದ್ದನ್ನು ಅಲ್ಲಿಯೇ ಇಟ್ಟು ಒಳಗೆ ಹೋದಳು.

“ಮಾವ, ತರುತ್ತೇನೆ. ಆದರೆ ಇದರಲ್ಲಿ ಮೊದಲು ಉಂಡವರು ಯಾರು ಅಂತ ಶೆಟ್ಟರು ಕೇಳಿದರೆ, ಸುಣ್ಣದವನ ಹೆಸರು ನೀವು ಹೇಳ್ತೀರೋ, ನಾನೇ ಹೇಳಲೋ?”

“ಅದಕ್ಕೇನು, ಚೆನ್ನಾಗಿ ತೊಳೆದರಾಯ್ತು!” ಎಂದ ವರ್ತಕ.

“ಅತ್ತೆಯನ್ನೇ ಕೇಳಿ. ತೊಳೆದರೆ ಸಾಕು ಅನ್ನುವುದಾದರೆ ಇಷ್ಟು ವರ್ಷ ಇವು ಹೊರಗೆ ಯಾಕಿದ್ದವು?”

ಅತ್ತೆ ಸೆರಗು ಸರಿಮಾಡಿಕೊಂಡಳು. ಸಾಕೆಂದರೆ ತನ್ನ ಕಟ್ಟಳೆ ಸುಳ್ಳಾಗುತ್ತದೆ. ಸಾಲದೆಂದರೆ ತಟ್ಟೆ ಹೊರಗೇ ಉಳಿಯುತ್ತದೆ. ಕೊನೆಗೆ, “ಸಾಲದು,” ಎಂದಳು. ಹೊಸತು ತರಿಸೋಣವೆಂದರೆ ಮಳೆಗಾಲ, ಬಂದರು ಮುಚ್ಚಿತ್ತು.

ಹುಣ್ಣಿಮೆಯ ಮಧ್ಯಾಹ್ನ ವರ್ತಕ ಏನೋ ನೆಪ ಹೇಳಿ ಶೆಟ್ಟರಿಗೆ ಹಿತ್ತಾಳೆಯಲ್ಲೇ ಬಡಿಸಿದ. ಬಾಗಿಲಾಚೆ ಸುಣ್ಣದವನು ನೀಲಿ ಮೀನಿನ ಮೇಲಿಂದ ಕೊನೆಯ ತುತ್ತು ಬಳಿದುಕೊಳ್ಳುತ್ತಿದ್ದ. ಶೆಟ್ಟರು ಅದನ್ನು ಕತ್ತು ಹೊರಳಿಸಿ ಹೊರಳಿಸಿ ನೋಡಿದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಸಮಾಧಾನದಿಂದ ತಲೆಯಾಡಿಸಿದ.

“ತಿಳಿಯಿತು, ಗುರುಗಳೇ. ಅವಳಿಗೆ ನಿಜವಾಗಿ ತಟ್ಟೆಯ ಮೋಹ ಇರಲಿಲ್ಲ.”

“ಬೇಕಾದಷ್ಟಿತ್ತು. ಅವಳು ಬರುವ ಮೊದಲು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಆಗ ಜಗಲಿಯವರಿಗೆ ತೆಂಗಿನ ಚಿಪ್ಪಿನಲ್ಲಿ ಬಡಿಸುತ್ತಿದ್ದರು.”